ಅಕ್ಕನ ಹೆಬ್ಬೆರಳು

ಕನ್ನಡಕ ಹಾಕುವವರಿಗೆಲ್ಲ ಒಂದು ಸತ್ಯ ಗೊತ್ತಿರುತ್ತದೆ. ಗಾಜನ್ನು ಎಷ್ಟೇ ಶ್ರದ್ಧೆಯಿಂದ ಒರೆಸಿ ಮೂಗಿನ ಮೇಲೆ ಏರಿಸಿಕೊಂಡರೂ, ಪತ್ರಿಕೆಯ ಮೊದಲ ಪುಟ ಮುಗಿಯುವುದರೊಳಗೆ ಅದರ ಮೇಲೊಂದು ಬೆರಳಿನ ಗುರುತು ಪ್ರತ್ಯಕ್ಷವಾಗಿ, ಮಂತ್ರಿಗಳ ಭಾಷಣಕ್ಕೂ ಕಾಳುಮೆಣಸಿನ ಧಾರಣೆಗೂ ಒಂದೇ ಬಗೆಯ ಮಂಜು ಕವಿಸಿಬಿಡುತ್ತದೆ. ಆ ಬೆರಳು ಯಾರದೆಂದು ವಿಚಾರಣೆ ನಡೆಸಹೊರಟರೆ ಆರೋಪಿ, ಸಾಕ್ಷಿ, ನ್ಯಾಯಾಧೀಶ ಮೂವರೂ ನಾವೇ ಆಗಿರುತ್ತೇವೆ. ಈ ಗುರುತುಗಳ ಮೇಲೆ ನನಗೆ ಎಳವೆಯಿಂದಲೂ ವೈರ. ಕಿಸೆಯಲ್ಲಿ ಸದಾ ಒಂದು ಮೆತ್ತನೆಯ ಬಟ್ಟೆ ಇಟ್ಟುಕೊಂಡಿರುತ್ತೇನೆ. ಕನ್ನಡಕವಷ್ಟೇ ಅಲ್ಲ, ಕಂಡವರ ಮನೆಯ ಷೋಕೇಸಿನ ಗಾಜು, ಗಡಿಯಾರದ ಗಾಜು, ಗೋಡೆಯ ಪಟಗಳ ಗಾಜು, ಎಲ್ಲವೂ ನನ್ನ ಸೇವಾಕಾರ್ಯದ ವ್ಯಾಪ್ತಿಗೆ ಬರುತ್ತವೆ. ಇವರು ದೇವರ ಪಟದ ಮುಂದೆ ನಿಂತರೆ ಅದು ಭಕ್ತಿಗಲ್ಲ, ಒರೆಸುವುದಕ್ಕೆ ಎಂದು ನನ್ನಾಕೆ ಬಂದವರ ಎದುರಿಗೆಲ್ಲ ಹೇಳಿಕೊಂಡು ನಗುತ್ತಾಳೆ.

ಅಂಥ ನಾನೇ, ಬೆರಳಿನ ಗುರುತೊಂದು ಗಾಜಿನ ಮೇಲೆ ಮೂಡಲಿ ಎಂದು ಹರಕೆ ಹೊರುವ ಸ್ಥಿತಿಗೆ ಬಂದದ್ದು ನನ್ನ ಅಕ್ಕನ ದೆಸೆಯಿಂದ.

ಅದನ್ನು ಹೇಳುವ ಮೊದಲು ಹೆಬ್ಬೆಟ್ಟಿನ ವಿಷಯವಾಗಿ ಎರಡು ಮಾತು ಹೇಳಿಬಿಡುತ್ತೇನೆ. ನಿವೃತ್ತ ಅಧ್ಯಾಪಕನಿಗೆ ಪೀಠಿಕೆಯಿಲ್ಲದೆ ಪಾಠ ಬರುವುದಿಲ್ಲ, ನೀವು ಸಹಿಸಿಕೊಳ್ಳಬೇಕು. ಸಾಕ್ಷರತೆಯ ಆಂದೋಲನ ಜೋರಾಗಿದ್ದ ದಿನಗಳಲ್ಲಿ ನಾನು ಸಂಜೆಯ ಹೊತ್ತು ಸುಂಟಿಕೊಪ್ಪದ ಸುತ್ತಿನ ಎಸ್ಟೇಟುಗಳ ಕೂಲಿಯಾಳುಗಳ ಲೈನು ಮನೆಗಳಿಗೆ ಹೋಗಿ, ಹೆಬ್ಬೆಟ್ಟು ಒತ್ತುವುದು ಅವಮಾನ, ಸಹಿ ಹಾಕುವುದು ಸ್ವಾಭಿಮಾನ ಎಂದು ಭಾಷಣ ಬಿಗಿದವನು. ದಿನವಿಡೀ ದುಡಿದು ಬಂದ ಹೆಂಗಸರು ಪಾಪ, ಆಕಳಿಸುತ್ತ, ಕೇಳುತ್ತ, ಸ್ಲೇಟಿನ ಮೇಲೆ ತಮ್ಮ ಹೆಸರನ್ನು ತಿದ್ದುತ್ತಿದ್ದರು. ಈಗ ನೋಡಿ, ರೇಷನ್ ಅಂಗಡಿಯಿಂದ ಹಿಡಿದು ಬ್ಯಾಂಕಿನವರೆಗೆ ಎಲ್ಲಿ ಹೋದರೂ ಎಂ.ಎ. ಓದಿದ ನನ್ನನ್ನು ನಿಲ್ಲಿಸಿ, ಸಹಿ ಬೇಡ, ಹೆಬ್ಬೆಟ್ಟು ಇಡಿ ಎನ್ನುತ್ತಾರೆ. ಆ ಹೆಂಗಸರಲ್ಲಿ ಯಾರಾದರೂ ಸರತಿಯಲ್ಲಿ ನನ್ನ ಹಿಂದೆ ನಿಂತಿದ್ದರೆ ಏನೆಂದುಕೊಳ್ಳುತ್ತಾರೋ ಎಂದು ನಾಚಿಕೆಯಾಗುತ್ತದೆ.

ಅಕ್ಕ ಸರೋಜ ಹೆಬ್ಬೆಟ್ಟಿನವಳಲ್ಲ. ಹತ್ತನೆಯ ತರಗತಿಯವರೆಗೆ ಓದಿದವಳು. ಅವಳ ದುಂಡನೆಯ ಅಕ್ಷರದ ಮುಂದೆ ನನ್ನದು ಕಾಗೆಕಾಲು. ಭಾವ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು, ಎಂದರೆ ಆಳುಗಳ ಹಾಜರಿ, ಕೊಯ್ದ ಕಾಫಿಯ ಲೆಕ್ಕ ನೋಡಿಕೊಳ್ಳುವ ಕೆಲಸ. ಎಸ್ಟೇಟಿಗೆ ತಾಗಿದಂತೆ ಅವರಿಗೆ ಸ್ವಂತದ್ದೊಂದು ಪುಟ್ಟ ತೋಟವಿತ್ತು. ಅವರಿಗೆ ಒಬ್ಬಳೇ ಮಗಳು, ಚೈತ್ರ. ನಾಲ್ಕನೆಯ ತರಗತಿಯಲ್ಲಿದ್ದಾಗ ಅವಳು ಎಸ್ಟೇಟಿನ ಕೆರೆಯಲ್ಲಿ ಮುಳುಗಿ ತೀರಿಕೊಂಡಳು. ಅದಾಗಿ ಬಹಳ ವರ್ಷಗಳೇ ಆದವು. ನಮ್ಮ ಕುಟುಂಬದಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ. ಎತ್ತಬಾರದೆಂದು ಯಾರೂ ಹೇಳಿದ್ದಲ್ಲ, ಅಕ್ಕನ ಮುಖ ನೋಡಿದವರು ತಾವಾಗಿಯೇ ಕಲಿತರು. ಹೋದ ವರ್ಷದ ಹಿಂದಿನ ವರ್ಷ ಭಾವನೂ ಹೋದರು.

ಆಮೇಲೊಂದು ದಿನ ಅಕ್ಕ ನಮ್ಮ ಮನೆಗೆ ಬಂದು, ಕಾಫಿಯ ಲೋಟ ಕೆಳಗಿಡುವ ಮೊದಲೇ, "ತಮ್ಮಯ್ಯ, ನಾನು ಕೆಲ್ಸಕ್ಕೆ ಸೇರ್ಕೊತೀನಿ ಕಣೋ," ಎಂದಳು. ಪೊನ್ನಂಪೇಟೆಯ ಹತ್ತಿರ ಹೆಣ್ಣುಮಕ್ಕಳ ವಸತಿಶಾಲೆಯೊಂದರಲ್ಲಿ ಹಾಸ್ಟೆಲಿನ ಮಕ್ಕಳನ್ನು ನೋಡಿಕೊಳ್ಳಲು ಹೆಂಗಸರು ಬೇಕಾಗಿದ್ದರು. ನನ್ನಾಕೆ ಗಾಬರಿಯಾದಳು. ಹೊಟ್ಟೆಗೆ ಬಟ್ಟೆಗೆ ಏನು ಕೊರತೆಯಾಗಿದೆ, ಈ ವಯಸ್ಸಿನಲ್ಲಿ ಯಾರದೋ ಮಕ್ಕಳ ತಲೆ ಬಾಚುವ ಕರ್ಮವೇಕೆ ಎಂದೆಲ್ಲ ಕೇಳಿದಳು. ಅಕ್ಕ, "ಮಧ್ಯಾಹ್ನ ಮನೆ ಭಾಳ ಸದ್ದಿಲ್ದಂಗೆ ಇರ್ತದೆ. ಮಕ್ಳು ಗಲಾಟೆ ಮಾಡೋ ಜಾಗದಲ್ಲಿ ಇರ್ಬೇಕು ಅನ್ನಿಸ್ತದೆ," ಎಂದಳು. ನನ್ನಾಕೆ ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದಳು.

ಶಾಲೆಯವರು ಅವಳನ್ನು ನೋಡಿದರು, ಮಾತಾಡಿಸಿದರು, ಒಪ್ಪಿದರು. ಒಂದೇ ಒಂದು ಷರತ್ತು: ಮಕ್ಕಳ ಜೊತೆ ಇರುವವರೆಲ್ಲರೂ ಹತ್ತು ಬೆರಳುಗಳ ಗುರುತನ್ನು ಕಂಪ್ಯೂಟರಿಗೆ ಕೊಡಬೇಕು, ಅವರ ಮೇಲೆ ಎಲ್ಲಿಯೂ ಯಾವ ದೂರೂ ಇಲ್ಲವೆಂದು ಪರಿಶೀಲನೆಯಾದ ಮೇಲೆ ಕೆಲಸ. ನ್ಯಾಯವಾದ ಷರತ್ತೇ. ಈ ಕಾಲದಲ್ಲಿ ಯಾರನ್ನು ನಂಬುವುದು, ಯಾರನ್ನು ಬಿಡುವುದು? ನಾನು ಅಕ್ಕನಿಗೆ ಅದನ್ನು ಓದಿ ಹೇಳಿ, ಇದೇನು ಮಹಾ, ಮಡಿಕೇರಿಗೆ ಹೋಗಿ ಅರ್ಧ ಗಂಟೆಯಲ್ಲಿ ಮುಗಿಸಿ ಬರೋಣ ಎಂದೆ. ಕೊಯ್ಲು ಒಂದು ಹದಕ್ಕೆ ಬರಲಿ, ಆಮೇಲೆ ಹೋಗೋಣ ಎಂದಳು ಅಕ್ಕ. ಹೂಂ ಎಂದೆ.

ಕಾಫಿ ಕೊಯ್ಲಿನ ಕಾಲದಲ್ಲಿ ನಮ್ಮ ಕಡೆಯವರ ಕೈ ನೋಡಬೇಕು ನೀವು. ಹಣ್ಣಿನ ಅಂಟು, ಎಲೆಯ ಧೂಳು, ಗಿಡದ ಪಾಚಿ ಎಲ್ಲ ಸೇರಿ ಬೆರಳುಗಳಿಗೆ ಕಪ್ಪು ಕರೆ ಹಿಡಿಯುತ್ತದೆ. ಸೋಪಿಗೆ ಅದು ಸೊಪ್ಪು ಹಾಕುವುದಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂದ ಹಿರಿಯರು ಕಾಫಿ ಕೊಯ್ದವರಲ್ಲ. ಕೆಸರಾದರೆ ತೊಳೆದರೆ ಹೋಗುತ್ತದೆ. ಹಾಗಾಗಿ ಕೊಯ್ಲಿನ ನಡುವೆ ಮದುವೆಯೋ ನಾಮಕರಣವೋ ಬಂದರೆ ಮನೆಮನೆಯ ಹಿತ್ತಿಲಲ್ಲೂ ಕೈ ತಿಕ್ಕುವ ಸಂಭ್ರಮ ಶುರುವಾಗುತ್ತದೆ. ಒಲೆಯ ಬೂದಿ, ಹುಣಸೆಹಣ್ಣು, ತೆಂಗಿನ ನಾರು. ಅದಕ್ಕೂ ಬಗ್ಗದಿದ್ದರೆ ಕೊಡವ ನೆರೆಮನೆಯಿಂದ ಬೇಡಿ ತಂದ ಕಾಚಂಪುಳಿ, ಅವರು ಹಂದಿಮಾಂಸದ ಅಡಿಗೆಗೆ ಹಾಕುವ ಕಪ್ಪು ಹುಳಿ. ನಾನು ಹೆಣ್ಣು ನೋಡಲು ಹೊರಟ ದಿನ ನಮ್ಮಮ್ಮ ನನ್ನ ಕೈಗಳನ್ನು ಹಿತ್ತಾಳೆಯ ಚೊಂಬಿನಂತೆ ಬೆಳಗಿದ್ದಳು. ಹೆಣ್ಣಿನ ಕಡೆಯವರು ಹಾಸನದವರು. ಹುಡುಗನ ಕೈ ಇಷ್ಟು ಬೆಳ್ಳಗಿದೆ, ಮೈಬಗ್ಗಿಸುವವನಲ್ಲವೇನೋ ಎಂದು ಅವರಿಗೆ ಅನುಮಾನ ಬಂತಂತೆ. ಅನುಮಾನ ನಿಜವಾಯಿತೆಂದು ನನ್ನಾಕೆಯ ಇಂದಿನ ಅಭಿಪ್ರಾಯ.

ಆದ್ದರಿಂದ ಮಡಿಕೇರಿಗೆ ಹೊರಡುವ ವಾರದಲ್ಲಿ ನಾನು ಅಕ್ಕನ ಮನೆಗೆ ಹೋದಾಗ, ಅವಳು ಹಿತ್ತಿಲಲ್ಲಿ ಕೂತು ಬೂದಿ, ಕಾಚಂಪುಳಿ, ಇಟ್ಟಿಗೆಯ ಚೂರು ಇಟ್ಟುಕೊಂಡು ಬೆರಳುಗಳನ್ನು ತಿಕ್ಕುತ್ತಿದ್ದುದು ನನಗೆ ವಿಶೇಷವೆನ್ನಿಸಲಿಲ್ಲ. ಆಫೀಸಿಗೆ ಹೋಗುವಾಗ ಚೊಕ್ಕ ಇರಬೇಕೆಂಬ ನಮ್ಮ ಮನೆತನದ ಗುಣ ಎಂದು ಒಳಗೊಳಗೇ ಹೆಮ್ಮೆಪಟ್ಟೆ.

ಮಡಿಕೇರಿಯ ಆ ಕೇಂದ್ರ ಒಂದು ಬಟ್ಟೆಯಂಗಡಿಯ ಮಹಡಿಯಲ್ಲಿತ್ತು. ಸಫೀನಾ ಎಂಬ ಹುಡುಗಿ ಯಂತ್ರದ ಮುಂದೆ ಕೂತಿದ್ದಳು. ಅಂಗೈಯಗಲದ ಗಾಜು, ಅದರ ಕೆಳಗೆ ಹಸಿರು ಬೆಳಕು. ಒಬ್ಬೊಬ್ಬರ ಸರದಿ ಮುಗಿದಂತೆ ಅವಳು ಮೆತ್ತನೆಯ ಬಟ್ಟೆಯಿಂದ ಗಾಜನ್ನು ಒರೆಸುತ್ತಿದ್ದ ಪರಿ ನೋಡಿ, ಜಗತ್ತಿನಲ್ಲಿ ನನ್ನ ಕುಲದವರು ಇನ್ನೂ ಇದ್ದಾರೆಂದು ಸಮಾಧಾನವಾಯಿತು. ಅಕ್ಕನ ಸರದಿ ಬಂತು. ಬಲಗೈಯ ನಾಲ್ಕು ಬೆರಳು ಇಟ್ಟಳು. ತೆರೆಯ ಮೇಲೆ ನಾಲ್ಕು ಬಿಳಿಚಿದ ಮಚ್ಚೆಗಳು ಮೂಡಿ ಕೆಂಪು ಗೆರೆ ಬಂತು. ಎಡಗೈ ಇಟ್ಟಳು, ಅದೇ ಕಥೆ. ಸಫೀನಾ ತಾನೇ ಅಕ್ಕನ ಬೆರಳನ್ನು ಹಿಡಿದು ಒತ್ತಿದಳು, ಒದ್ದೆ ಬಟ್ಟೆಯಿಂದ ತೇವ ಮಾಡಿ ಒತ್ತಿದಳು. ನಾನು ಹಿಂದಿನಿಂದ ಸ್ವಲ್ಪ ಓರೆಯಾಗಿ ಇಡು, ಸ್ವಲ್ಪ ಗಟ್ಟಿಯಾಗಿ ಇಡು ಎಂದು ಯಾರೂ ಕೇಳದ ಸಲಹೆಗಳನ್ನು ಕೊಡುತ್ತಿದ್ದೆ.

ಕೊನೆಗೆ ಅವಳು ಅಕ್ಕನ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿ, "ಇದರಲ್ಲಿ ಗೆರೆಯೇ ಇಲ್ಲ ಅಲ್ವಾ ಸಾರ್," ಎಂದಳು. "ಕಾಫಿ ಪಿಕಿಂಗ್‌ಗೆ ಹೋಗುವವರು ತುಂಬಾ ಜನ ಬರ್ತಾರೆ, ಯಾರದ್ದೂ ಇಷ್ಟು ಮಾಸಿರುವುದಿಲ್ಲ. ಏನು ಹಾಕಿ ಉಜ್ಜಿದ್ರಿ ಅಕ್ಕ?"

ಅಕ್ಕ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅವಳ ಪರವಾಗಿ ನಾನೇ ಕಾಫಿಯ ಕರೆಯ ಬಗ್ಗೆ ಒಂದು ಉಪನ್ಯಾಸ ಕೊಟ್ಟೆ. ಸಫೀನಾ ನಕ್ಕು, ಹೆದರುವುದು ಬೇಡ, ಚರ್ಮ ಮತ್ತೆ ಬರ್ತದೆ, ಗೆರೆಯೂ ಬರ್ತದೆ, ಎರಡು ವಾರ ಕೈಗೆ ಯಾವ ಕೆಲಸವನ್ನೂ ಕೊಡದೆ ತೆಂಗಿನೆಣ್ಣೆ ಹಚ್ಚಿಕೊಂಡಿರಲಿ ಎಂದಳು. ಶಾಲೆಯವರಿಗೆ ತಾನೇ ತಿಳಿಸುವುದಾಗಿಯೂ ಹೇಳಿದಳು. ನನಗೆ ನಿರಾಶೆ. ಅಕ್ಕ ಮಾತ್ರ, "ಬೆರಳು ಬರ್ದಿದ್ರೆ ಆಧಾರ್ ಕಾರ್ಡು ನೋಡಿ ಬುಡಕ್ಕಾಗಲ್ವಾ?" ಎಂದು ಎರಡು ಸಲ ಕೇಳಿದಳು. ಆಗುವುದಿಲ್ಲ ಎಂದಾಗ ಅವಳ ಮುಖ ಬಾಡಿತು.

ಅವಳ ಮನೆಗೆ ಬಿಟ್ಟರೆ ಕೈಗಳು ಕೆಲಸ ಹುಡುಕದೆ ಇರುವುದಿಲ್ಲವೆಂದು ನಮ್ಮ ಮನೆಗೇ ಕರೆತಂದೆ. ಅವಳ ತೋಟದ ಕೊಯ್ಲಿಗೆ ಆಳುಗಳನ್ನು ಗೊತ್ತುಮಾಡಿದೆ. ನನ್ನಾಕೆ ಅವಳನ್ನು ಅಡಿಗೆಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ. ದಿನಕ್ಕೆರಡು ಹೊತ್ತು ಬಟ್ಟಲಲ್ಲಿ ಬೆಚ್ಚಗಿನ ತೆಂಗಿನೆಣ್ಣೆ ತಂದಿಡುತ್ತಿದ್ದಳು. ಮಹಾರಾಣಿಯ ಭೋಗ ಎಂದು ನಾನು ಚುಡಾಯಿಸಿದರೆ ಅಕ್ಕ ನಕ್ಕ ಹಾಗೆ ಮಾಡುತ್ತಿದ್ದಳು. ಮಡಿಲಲ್ಲಿ ಅಂಗಾತವಾಗಿ ಬಿದ್ದಿದ್ದ ಅವಳ ಖಾಲಿ ಕೈಗಳನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ.

ಒಂದು ಮಧ್ಯಾಹ್ನ ಊಟವಾದ ಮೇಲೆ ಕೈ ಒರೆಸಲು ಬಟ್ಟೆ ಹುಡುಕುತ್ತ ಹಿತ್ತಿಲಿಗೆ ಹೋದೆ. ಅಕ್ಕ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕೂತು, ಹೆಬ್ಬೆರಳನ್ನು ಆ ಒರಟು ಕಲ್ಲಿಗೆ ಉಜ್ಜುತ್ತಿದ್ದಳು. ಒಂದೇ ಬೆರಳು, ಒಂದೇ ಸಮನೆ. ರಕ್ತ ಜಿನುಗಿತ್ತು. ಓಡಿಹೋಗಿ ಕೈ ಹಿಡಿದುಕೊಂಡೆ.

"ಬುಡು ತಮ್ಮಯ್ಯ, ಗೆರೆ ಬರೋದು ಬ್ಯಾಡ."

"ಏನಕ್ಕ ಇದು? ಗೆರೆ ಬರದಿದ್ರೆ ಕೆಲಸ ಹೋಗುತ್ತಲ್ಲ."

"ಬಂದ್ರೂ ಹೋಯ್ತದೆ. ಆವತ್ತು ಕೆರೆ ಏರಿ ಮ್ಯಾಲೆ ಪೊಲೀಸ್ನೋರು ಇದೇ ಹೆಬ್ಬೆಟ್ಟು ಒತ್ತಿಸ್ಕೊಂಡ್ರಲ್ಲ. ಮಿಷನ್ನಿಗೆ ಗೊತ್ತಾಗಲ್ವಾ ಅದು?"

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಅಂಗೈಯಲ್ಲಿದ್ದ ಈ ಹುಣ್ಣು ಇಷ್ಟು ದಿನ ನನಗೆ ಕಂಡಿರಲಿಲ್ಲ.

ಅಕ್ಕ ಅಲ್ಲಿಯೇ ಕಲ್ಲಿಗೊರಗಿ ಕೂತು ಹೇಳಿದಳು. ಅದೊಂದು ಭಾನುವಾರ. ಚೈತ್ರ ರಜವೆಂದು ಅಮ್ಮನ ಜೊತೆ ತೋಟಕ್ಕೆ ಬಂದು, ತನ್ನ ಎತ್ತರಕ್ಕೆ ಸಿಗುವ ಕೊಂಬೆಗಳ ಹಣ್ಣನ್ನು ಒಂದು ಪುಟ್ಟ ಬುಟ್ಟಿಗೆ ಕೊಯ್ದಿದ್ದಳು. ಊಟದ ಹೊತ್ತಾಯಿತು. ಬುತ್ತಿ ಬಿಚ್ಚಿದ ಅಕ್ಕ ಮಗಳ ಅಂಟು ಕೈಗಳನ್ನು ನೋಡಿ, ಕೈ ತೊಳೆದುಕೊಂಡು ಬಾ ಎಂದಳು. ಪೈಪಿನ ನೀರು ನಿಂತಿತ್ತು. ಮಗು ಎಸ್ಟೇಟಿನ ಕೆರೆಗೆ ಹೋಯಿತು.

ಮುಂದಿನದು ನನಗೆ ನೆನಪಿದೆ. ಸುದ್ದಿ ತಿಳಿದು ನಾನು ಓಡಿಬಂದಾಗ ಪೊಲೀಸರು ಏರಿಯ ಮೇಲೆ ಮಹಜರು ಬರೆಯುತ್ತಿದ್ದರು. ಇಂಥ ಸಾವಾದರೆ ಅವರು ಬರೆಯಲೇಬೇಕು. ವಯಸ್ಸಾದ ಪೇದೆಯೊಬ್ಬರು ಮೆಲ್ಲಗೆ, ಮಗುವನ್ನು ಕೆರೆಗೆ ಕಳಿಸಿದ್ದು ಯಾರಮ್ಮ ಎಂದು ಕೇಳಿದರು. ಅಕ್ಕ, ನಾನೇ ಎಂದಳು. ಸಹಿಗೆಂದು ಪೆನ್ನು ಕೊಟ್ಟರೆ ಅದು ಅವಳ ಬೆರಳುಗಳ ನಡುವೆ ನಿಲ್ಲಲಿಲ್ಲ. ಆಗ ಅವರು ಅವಳ ಹೆಬ್ಬೆರಳಿಗೆ, ಕಾಫಿಯ ಕರೆಯ ಮೇಲೆಯೇ, ನೀಲಿ ಶಾಯಿ ಹಚ್ಚಿ ಒತ್ತಿಸಿಕೊಂಡರು. ದುಂಡನೆಯ ಅಕ್ಷರದ ನನ್ನ ಅಕ್ಕ ಜೀವಮಾನದಲ್ಲಿ ಹೆಬ್ಬೆಟ್ಟು ಒತ್ತಿದ್ದು ಅದೇ ಮೊದಲು.

"ಕೆರೆಗೆ ಕಳ್ಸಿ ಮಗು ಕಳ್ಕಂಡೋಳು ಅಂತ ಅದ್ರಲ್ಲಿ ಬಂದ್ರೆ, ಯಾರ್ ತಾನೆ ಮಕ್ಳನ್ನ ನನ್ ಕೈಗೆ ಕೊಡ್ತಾರೆ? ಅವ್ರು ಕೊಡ್ದಿದ್ರೆ ತಪ್ಪಿಲ್ಲ ಬುಡು. ನಾನೇ ಆಗಿದ್ರೂ ಕೊಡೋ ಧೈರ್ಯ ಬರ್ತಿರ್ಲಿಲ್ಲ."

ನನ್ನ ಮಕ್ಕಳು ಚಿಕ್ಕವರಿದ್ದಾಗ ಅಕ್ಕ ನಮ್ಮ ಮನೆಗೆ ಬಂದರೆ, ಊಟಕ್ಕೆ ಮುಂಚೆ ತಾನೇ ಚೊಂಬಿನಲ್ಲಿ ನೀರು ತಂದು, ಅವರು ಕೂತಲ್ಲಿಯೇ ಕೈ ತೊಳೆಸುತ್ತಿದ್ದಳು. ಮಕ್ಕಳನ್ನು ಮುದ್ದು ಮಾಡಿ ಕೆಡಿಸುತ್ತಾಳೆಂದು ನಾವು ತಮಾಷೆ ಮಾಡುತ್ತಿದ್ದೆವು. ಕೈ ತೊಳೆದುಕೊಂಡು ಬಾ ಎಂಬ ಆ ಒಂದು ಮಾತನ್ನು ಇನ್ನೆಂದೂ ಯಾವ ಮಗುವಿಗೂ ಹೇಳಬಾರದೆಂದು ಅವಳು ಚೊಂಬು ಹಿಡಿದು ಓಡಾಡಿದ್ದಳು. ಹಿತ್ತಿಲಲ್ಲಿ ಅವಳ ಪಕ್ಕ ಕೂತ ನನಗೆ ದುಃಖ ತಡೆಯಲಾಗಲಿಲ್ಲ. ದೊಡ್ಡವನೆಂಬುದನ್ನು ಮರೆತು ಅತ್ತೆ.

ಆಮೇಲೆ ನನಗೆ ತಿಳಿದಷ್ಟನ್ನು ಬಿಡಿಸಿ ಹೇಳಿದೆ. ಅದು ಅಪರಾಧದ ಕಡತವಲ್ಲ, ನಿನ್ನ ಮೇಲೆ ಯಾವ ಕೇಸೂ ಆಗಿಲ್ಲ, ಕಾಲು ಜಾರಿ ಆದ ಸಾವೆಂದು ಬರೆದು ಮುಗಿಸಿದ್ದಾರೆ, ಆ ಶಾಯಿಯ ಗುರುತು ಈ ಯಂತ್ರಕ್ಕೆ ಸಿಗುವುದಿಲ್ಲ. ಊಟಕ್ಕೆ ಮುಂಚೆ ಕೈ ತೊಳೆ ಎಂದು ಹೇಳದ ತಾಯಿ ಯಾರಿದ್ದಾರೆ ಎಂದೂ ಕೇಳಿದೆ. ಅಕ್ಕ ನಂಬಿದಳೋ ಇಲ್ಲವೋ. ಸೆರಗಿನಿಂದ ಹೆಬ್ಬೆರಳನ್ನು ಸುತ್ತಿಕೊಂಡು, "ಇಡ್ತೀನಿ. ಸಿಕ್ರೆ ಸಿಗ್ಲಿ. ಎಷ್ಟ್ ದಿನ ಅಂತ ತಿಕ್ಲಿ," ಎಂದಳು.

ಅಂದಿನಿಂದ ಅವಳು ತಾನೇ ಎಣ್ಣೆಯ ಬಟ್ಟಲು ಕೇಳಿ ಪಡೆದಳು. ಮತ್ತು ಚೈತ್ರಳ ಬಗ್ಗೆ ಮಾತಾಡತೊಡಗಿದಳು. ಮಗ್ಗಿಯಲ್ಲಿ ಏಳರಲ್ಲಿ ತಪ್ಪುತ್ತಿದ್ದಳು, ಎರಡು ಜಡೆಯಲ್ಲಿ ಒಂದು ಯಾವಾಗಲೂ ಬಿಚ್ಚಿರುತ್ತಿತ್ತು, ಕಿತ್ತಳೆಯ ಬೀಜ ನುಂಗಿದರೆ ಹೊಟ್ಟೆಯಲ್ಲಿ ಗಿಡ ಹುಟ್ಟುತ್ತದೆಂದು ಒಂದು ಇಡೀ ದಿನ ಅತ್ತಿದ್ದಳು. ನಾನೂ ನನ್ನಾಕೆಯೂ ಎಣ್ಣೆಯ ಬಟ್ಟಲಿನ ಎರಡು ಪಕ್ಕ ಕೂತು ಕೇಳಿದೆವು. ಕೆಲವಕ್ಕೆ ನಕ್ಕೆವು ಕೂಡ.

ಗಾಯ ಆರಿ, ಮತ್ತೆ ಮಡಿಕೇರಿಗೆ ಹೋದೆವು. ಉಳಿದ ಬೆರಳುಗಳೆಲ್ಲ ಮೂಡಿದ ಮೇಲೆ ಅಕ್ಕ ಹೆಬ್ಬೆರಳನ್ನು ಗಾಜಿನ ಮೇಲಿಟ್ಟು ಕಣ್ಣು ಮುಚ್ಚಿಕೊಂಡಳು. ತೆರೆಯ ಮೇಲೆ ಗೆರೆಗಳು ಒಂದೊಂದಾಗಿ ಮೂಡಿದವು. ತೆಳುವಾಗಿ, ನಡುವೆ ಕಲ್ಲಿನ ಗಾಯದ ಒಂದು ಬಿಳಿ ಕಲೆಯೊಂದಿಗೆ. "ಬಂತು ಅಕ್ಕ, ಚಂದ ಬಂತು!" ಎಂದು ಸಫೀನಾ ತನ್ನದೇ ಪರೀಕ್ಷೆ ಪಾಸಾದಂತೆ ಕೂಗಿದಳು. ಅಕ್ಕ ಕಣ್ಣು ತೆರೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಕೆಲವು ದಿನಗಳಲ್ಲಿ ಶಾಲೆಯಿಂದ ನನ್ನ ಫೋನಿಗೆ ಉತ್ತರ ಬಂತು. ಪರಿಶೀಲನೆ ಮುಗಿದಿದೆ, ಏನೂ ಇಲ್ಲ, ಸೋಮವಾರ ಬಂದು ಸೇರಿಕೊಳ್ಳಬಹುದು. ಸುಂಟಿಕೊಪ್ಪದ ಬೇಕರಿಯಿಂದ ಮೈಸೂರುಪಾಕು ಕಟ್ಟಿಸಿಕೊಂಡು, ಅಷ್ಟರಲ್ಲಿ ತನ್ನ ಮನೆಗೆ ಮರಳಿದ್ದ ಅಕ್ಕನ ಬಳಿಗೆ ಓಡಿದೆ. ಅವಳು ಜಗಲಿಯಲ್ಲಿದ್ದಳು. ಏನೂ ಇಲ್ಲ ಅಂತ ಬಂದಿದೆ ಅಕ್ಕ ಎಂದು ಅಂಗಳದಿಂದಲೇ ಕೂಗಿದೆ.

ಅವಳ ಮುಖ ಅರಳಿತು. ಕೈ ಮುಗಿದಳು. ಆಮೇಲೆ, "ಚೈತ್ರಂದು?" ಎಂದಳು.

"ಇಲ್ಲ. ಏನೂ ಇಲ್ಲ."

"ಅವಳ ಹೆಸ್ರೂ ಇಲ್ವಾ?"

"ಇಲ್ಲಕ್ಕ."

ಅಕ್ಕ ಹಾಗೆಯೇ ಮೆಟ್ಟಿಲ ಮೇಲೆ ಕುಸಿದಳು. ನಾನು ಕೊಟ್ಟ ಮೈಸೂರುಪಾಕಿನ ಪೊಟ್ಟಣ ಅವಳ ಮಡಿಲಲ್ಲಿತ್ತು. "ಹಂಗಾದ್ರೆ ಅವಳು ಇದ್ದಿದ್ದು ಎಲ್ಲೂ ಇಲ್ಲ," ಎಂದಳು. ಸಿಗದಿರಲಿ ಎಂದು ಚರ್ಮವನ್ನೇ ಕಲ್ಲಿಗೆ ತೇಯ್ದವಳು, ಸಿಗಲಿಲ್ಲವೆಂದು ಅಂದು ಬಿಕ್ಕಿಬಿಕ್ಕಿ ಅತ್ತಳು. ನಾನು ಪೊಟ್ಟಣವನ್ನು ಪಕ್ಕಕ್ಕಿಟ್ಟು ಅವಳ ಜೊತೆ ಮೆಟ್ಟಿಲ ಮೇಲೆ ಕೂತೆ.

ಹೋದ ತಿಂಗಳು ಪೊನ್ನಂಪೇಟೆಗೆ ಹೋಗಿ ಅವಳನ್ನು ನೋಡಿಬಂದೆ. ಮಧ್ಯಾಹ್ನದ ಊಟದ ಗಂಟೆ ಆಗಿತ್ತು. ಹುಡುಗಿಯರು ನಲ್ಲಿಗಳ ಮುಂದೆ ನೂಕಾಡಿಕೊಂಡು ಕೈ ತೊಳೆಯುತ್ತಿದ್ದರು, ಅವಳು ಬಯಸಿದ್ದ ಗಲಾಟೆ ಕಿವಿಗಡಚಿಕ್ಕುವಷ್ಟಿತ್ತು. ಅಕ್ಕ ಏನೂ ಹೇಳದೆ ನಲ್ಲಿಯ ಪಕ್ಕ ನಿಂತಿದ್ದಳು. ಕೊನೆಯ ಹುಡುಗಿ ಕೈ ಒರೆಸಿಕೊಂಡು ಒಳಗೆ ಹೋಗುವವರೆಗೂ ಅಲ್ಲಿಂದ ಕದಲಲಿಲ್ಲ.

ನಾನು ಹೊರಡುವ ಹೊತ್ತಿಗೆ ಒಬ್ಬ ಹುಡುಗಿ ಅಂಗಿಯ ಗುಂಡಿ ಕಿತ್ತುಕೊಂಡು ಬಂದಳು. ಅಕ್ಕ ನನ್ನ ಕನ್ನಡಕ ಇಸಿದುಕೊಂಡು ಸೂಜಿಗೆ ದಾರ ಪೋಣಿಸಿದಳು. ಹೊಲಿಯುತ್ತಲೇ, ಇಲ್ಲಿಯೂ ಹಾಜರಿಗೆ ಬೆರಳಿಡುವ ಯಂತ್ರವಿದೆಯೆಂದೂ, ದಿನಾ ಬೆಳಿಗ್ಗೆ ತಪ್ಪದೆ ಇಡಬೇಕೆಂದೂ ಹೇಳಿದಳು. ಹಲ್ಲಿನಿಂದ ದಾರ ಕಡಿದು, ಹುಡುಗಿ ಓಡಿದ ಮೇಲೆ, ಧ್ವನಿ ತಗ್ಗಿಸಿದಳು: "ಬೆರಳಿಡೋವಾಗ ಅವಳ ಹೆಸ್ರು ಹೇಳ್ತೀನಿ ಕಣೋ. ದಿನಾ. ಎಲ್ಲಾದ್ರೂ ಒಂದ್ ಕಡೆ ಇರ್ಲಿ."

ಬಸ್ಸಿನಲ್ಲಿ ಕೂತು ಕನ್ನಡಕ ಹಾಕಿಕೊಂಡರೆ, ಬಲಗಡೆಯ ಗಾಜಿನ ಮೇಲೆ ಒಂದು ಹೆಬ್ಬೆರಳಿನ ಗುರುತು ಕೂತಿತ್ತು. ಗೆರೆಗಳು ಸ್ಪಷ್ಟವಾಗಿದ್ದವು. ಅಭ್ಯಾಸಬಲದಿಂದ ಕೈ ಕಿಸೆಗೆ ಹೋಯಿತು, ಬಟ್ಟೆಯೂ ಹೊರಬಂತು. ಅದನ್ನು ಮಡಿಚಿ ಮತ್ತೆ ಒಳಗಿಟ್ಟೆ. ಸುಂಟಿಕೊಪ್ಪ ಬರುವವರೆಗೂ ಕಿಟಕಿಯಾಚೆಯ ತೋಟಗಳನ್ನೂ ಕೆರೆಗಳನ್ನೂ ಆ ಮಂಜಿನೊಳಗಿಂದಲೇ ನೋಡುತ್ತ ಬಂದೆ.